ಉರಿಗಾಂ ಬಗ್ಗೆ ಏನೂ ಇಲ್ಲ ಅಂದ ಸಾರು

ಚಂದ್ರಶೇಖರ್ ಸಾರಿಗೆ ಗೊತ್ತಿಲ್ಲದ ವಿಷಯವೇ ಇಲ್ಲವೆಂದು ಬಂಗಾರಪೇಟೆಯ ಆ ಕಾಲೇಜಿನಲ್ಲಿ ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವರು ಅವರೇ. ಹೊಸ ಡೇಟಾಬೇಸಿನಲ್ಲಿ ಸಂಶೋಧನಾ ಲೇಖನ ಹುಡುಕುವುದು ಹೇಗೆಂದು ಲೈಬ್ರರಿಯವರು ಮೇಷ್ಟ್ರುಗಳಿಗೆ ತರಬೇತಿ ಇಟ್ಟ ದಿನ ಈ ಮಹಾಶಯರು ಹಾಜರಿಗೆ ಸಹಿ ಜಡಿದು ಕ್ಯಾಂಟೀನಿಗೆ ವಡೆ ತಿನ್ನಲು ಹೋದರು. ಹುಡುಕುವುದನ್ನೂ ಯಾರಾದರೂ ಕಲಿಸಬೇಕೇ ಎಂಬ ಧಿಮಾಕು!

ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದ ಅಂಬಿಕ ಸಾರಿನ ಬಳಿ ಬಂದದ್ದು ಅದಾದ ಮೇಲೆ. ಕೋಲಾರ ಚಿನ್ನದ ಗಣಿಯ ಉರಿಗಾಂನಲ್ಲಿ, ಲೈನ್ ಎನ್ನುವ ಕಾರ್ಮಿಕರ ಸಾಲುಮನೆಗಳ ಹುಡುಗಿ, ದಿನಾ ಬೆಳಗಿನ ರೈಲಿಗೆ ಕಾಲೇಜಿಗೆ ಬರುವವಳು. ಅಪ್ಪ ವೆಂಕಟೇಶಪ್ಪ ಗಣಿ ಮುಚ್ಚುವವರೆಗೂ ನೆಲದಡಿ ದುಡಿದವನು. ಈಗ ಬೀದಿ ನಲ್ಲಿಗೆ ಹೋಗಿ ಬರುವಷ್ಟರಲ್ಲಿ ಎರಡು ಕಡೆ ಕೂತು ಏದುಸಿರು ಬಿಡುತ್ತಾನೆ. ಗಣಿಯ ಧೂಳು ಅಪ್ಪನಂಥವರ ಎದೆಗೆ ಏನು ಮಾಡಿತು, ಅವರ ಸಂಸಾರಗಳು ಏನಾದವು ಎಂದು ಅವಳು ಪ್ರಾಜೆಕ್ಟ್ ಮಾಡಬೇಕೆಂದಿದ್ದಳು. ಲೈನಿನ ಹಳೇ ಕೆಲಸಗಾರರೆಲ್ಲ ಮಾತಾಡಲು ಒಪ್ಪಿಯೂ ಆಗಿತ್ತು. ಆದರೆ ಹಿಂದೆ ಯಾರೂ ಬರೆಯದ ವಿಷಯಕ್ಕೆ ಕಾಲೇಜಿನ ಒಪ್ಪಿಗೆ ಸಿಗುವುದಿಲ್ಲ. ಅದನ್ನು ನೋಡಿ ಹೇಳಬೇಕಾದವರು ಸಾರು.

ಸಾರು ನೋಡಿದರು. ಹೇಗೆ ನೋಡಿದರು ಕೇಳಿ. ನಮ್ಮ ಕಡೆ ಪ್ರಾಜೆಕ್ಟಿನ ಹೆಸರೆಂದರೆ ಮದುವೆ ಮನೆಯ ಬೋರ್ಡಿನಷ್ಟು ಉದ್ದ ಇರಬೇಕಲ್ಲ! 'ಕೋಲಾರ ಚಿನ್ನದ ಗಣಿಗಳ ನಿವೃತ್ತ ಕಾರ್ಮಿಕರ ಶ್ವಾಸಕೋಶದ ಸಮಸ್ಯೆಗಳು: ಉರಿಗಾಂ ಪ್ರದೇಶದ ವಿಶೇಷ ಉಲ್ಲೇಖದೊಂದಿಗೆ ಒಂದು ಸಮಾಜಶಾಸ್ತ್ರೀಯ ಅಧ್ಯಯನ'. ಇದಿಷ್ಟನ್ನೂ ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಹುಡುಕುವ ಜಾಗದಲ್ಲಿ ತುಂಬಿದರು. ಅಷ್ಟೂ ಪದಗಳಿರುವ ಲೇಖನವನ್ನು ಯಾವ ಪುಣ್ಯಾತ್ಮ ಬರೆದಿರುತ್ತಾನೆ? ಡೇಟಾಬೇಸು ಸೊನ್ನೆ ತೋರಿಸಿತು.

"ಉರಿಗಾಂ ಬಗ್ಗೆ ಏನೂ ಇಲ್ಲಮ್ಮ. ಜಗತ್ತಿನಲ್ಲಿ ಯಾರೂ ಒಂದಕ್ಷರ ಬರೆದಿಲ್ಲ. ವಿಷಯ ಬದಲಾಯಿಸು" ಎಂದರು. ಮೊಬೈಲ್ ಬಳಕೆಯಿಂದ ವಿದ್ಯಾರ್ಥಿಗಳ ಮೇಲಾಗುವ ಪರಿಣಾಮ ಎಂಬ ಸವಕಲು ವಿಷಯವನ್ನು ತಾವೇ ಕೊಟ್ಟರು. ಅಂಬಿಕ "ಸರಿ ಸಾರ್" ಅಂದಳು. ಪ್ರಾಜೆಕ್ಟು ಬರೆದು, ಬೈಂಡ್ ಮಾಡಿಸಿ ಕೊಟ್ಟೂ ಆಯಿತು.

ಆಮೇಲೆ ಒಂದು ದಿನ ಯಾವುದೋ ಸಭೆಯಲ್ಲಿ ಗಣಿ ಊರಿನ ಬಗ್ಗೆ ಮಾತಾಡಲು ಸಾರಿಗೆ ಕರೆ ಬಂತು. ಹೊತ್ತಿರಲಿಲ್ಲ. ಅವಸರದಲ್ಲಿ ಅದೇ ಡೇಟಾಬೇಸಿನಲ್ಲಿ ಚಿನ್ನದ ಗಣಿ, ಧೂಳು, ಎದೆ ಎಂಬರ್ಥದ ಮೂರು ಬಿಡಿ ಪದಗಳನ್ನಷ್ಟೇ ಒತ್ತಿದರು. ಪರದೆಯ ತುಂಬ ಲೇಖನಗಳು! ಅದರಲ್ಲೊಂದು ಉರಿಗಾಂನ ಗಣಿಯವರ ಎದೆಯ ಎಕ್ಸ್‌ರೇಗಳದ್ದೇ, ಅಂಬಿಕ ಹುಟ್ಟುವ ಮೊದಲೇ ಅಚ್ಚಾದದ್ದು. ಸಾರಿನ ಕಿವಿ ಬಿಸಿಯಾಯಿತು. ಯಾರಾದರೂ ನೋಡಿದರೇ ಎಂದು ಮೊದಲು ಹಿಂದೆ ತಿರುಗಿದರು. ಹಾಗೆ ತಿರುಗಿದ್ದಕ್ಕೇ ಇನ್ನಷ್ಟು ನಾಚಿಕೆಯಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರೋ ನೆಲವೇ ಇಲ್ಲ ಅಂದುಬಿಟ್ಟಿದ್ದರು.

ಭಾನುವಾರ ಲೇಖನದ ಪ್ರಿಂಟು ಹಿಡಿದು ಉರಿಗಾಂಗೆ ಹೋದರು. ತಪ್ಪಾಯಿತು ಎಂದು ಹೇಳಿಯೇ ಬರುವುದೆಂದು ರೈಲಿನ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದರು.

ವೆಂಕಟೇಶಪ್ಪ ಇದ್ದೊಂದು ಕುರ್ಚಿಯನ್ನು ಟವೆಲಿನಿಂದ ಒರೆಸಿ ಕೊಟ್ಟ. "ಬನ್ನಿ ಸಾರ್, ಕುಂತ್ಕಳ್ಳಿ. ಅಂಬಿಕಾ, ಸಾರ್‌ಗೆ ಟೀ ಮಡುಗವ್ವಾ." ಉಸಿರು ತೆಗೆದುಕೊಳ್ಳಲು ಸ್ವಲ್ಪ ನಿಂತು ಮಾತು ಮುಂದುವರಿಸಿದ. "ನೀವು ಕಂಪ್ಯೂಟರ್‌ನಾಗೆ ನೋಡಿದ್ರಂತೆ, ನಮ್ ಇಸ್ಯ ಒಂದಕ್ಸರಾನೂ ಇಲ್ವಂತೆ. ಲೈನ್‌ಗೆಲ್ಲಾ ಯೋಳ್ಬುಟ್ಟೆ ಸಾರ್. ಸಾರೇ ಇಲ್ಲ ಅಂದ್ಮೇಲೆ ಇಲ್ಲ. ಹಿಂದೆ ಯಾರೋ ಡಾಕ್ಟ್ರು ಬಂದು ನಮ್ನೆಲ್ಲಾ ಸಾಲಾಗಿ ನಿಲ್ಸಿ ಎದೆ ಫೋಟೋ ತೆಗ್ದಿದ್ರು. ಅದೆಲ್ಲಾ ಎತ್ಲಾಗ್ ಓಯ್ತೋ. ನಮ್ಮಂಥೋರ್ದು ಯಾರ್ ಬರೀತಾರೆ, ಬುಡಿ."

ಸಾರಿನ ಕೈಯಲ್ಲಿದ್ದ ಕಾಗದ ಬೆವರಿಗೆ ಒದ್ದೆಯಾಯಿತು. ಇಡೀ ಲೈನು ತನ್ನ ಮಾತು ನಂಬಿ, ತಮ್ಮನ್ನು ಲೋಕ ಕಣ್ಣೆತ್ತಿಯೂ ನೋಡಲಿಲ್ಲವೆಂದು ತೆಪ್ಪಗಾಗಿದೆ! ಬಾಯಿಪಾಠ ಮಾಡಿದ್ದು ಒಂದು. ಬಾಯಿಗೆ ಬಂದದ್ದು ಬೇರೆ.

"ಈಗ... ಈಗ ಹೊಸದಾಗಿ ಒಂದು ಲೇಖನ ಬಂದಿದೆ. ಅದಕ್ಕೇ ತಂದೆ."

ಅಂಬಿಕ ಟೀ ಲೋಟ ಕೊಟ್ಟು ಆ ಕಾಗದ ಇಸಿದುಕೊಂಡಳು. ಮೇಲುಗಡೆಯೇ ವರ್ಷ ಅಚ್ಚಾಗಿತ್ತು. ಅವಳ ಕಣ್ಣು ಅದರ ಮೇಲೆ ಬಿದ್ದದ್ದನ್ನು ಸಾರು ನೋಡಿದರು. ಅಪ್ಪ ಅವಳ ಮುಖ ನೋಡಿದ.

"ಹೌದಪ್ಪಾ, ಈಗ ಬಂದಿರೋದು" ಅಂದಳು ಅವಳು.

ಟೀ ಕುಡಿದ ಶಾಸ್ತ್ರ ಮಾಡಿ ಸಾರು ಎದ್ದರು. ಅಂಬಿಕ ಲೈನಿನ ಕೊನೆಯವರೆಗೂ ಬಂದಳು. ಸಾರು ತಲೆ ತಗ್ಗಿಸಿಕೊಂಡೇ, "ವರ್ಷ ನೋಡಿದೆ ಅಲ್ವಾ?" ಎಂದರು.

"ಆವತ್ತೇ ನೋಡಿದ್ದೆ ಸಾರ್. ನೀವು ಇಲ್ಲ ಅಂದ ಮಾರನೇ ದಿನ ಲೈಬ್ರರಿ ಕಂಪ್ಯೂಟರ್‌ನಲ್ಲಿ ನಾನೇ ಹುಡುಕಿದೆ. ಇದೂ ಸಿಕ್ತು, ಇನ್ನೂ ಬೇಕಾದಷ್ಟು ಸಿಕ್ತು."

"ಮತ್ತೆ ಯಾಕಮ್ಮ ನನಗೆ ಹೇಳಲಿಲ್ಲ? ಅಪ್ಪನಿಗಾದರೂ ಹೇಳಬಹುದಿತ್ತಲ್ಲ?"

"ನೀವು ಇಲ್ಲ ಅಂದ್ಮೇಲೆ ಇದೆ ಅಂತ ಹೆಂಗ್ ಹೇಳೋದು ಸಾರ್? ಅಪ್ಪ ಊರಿಗೆಲ್ಲ ನಿಮ್ಮನ್ನ ಹೊಗಳ್ಕಂಡ್ ಕೂತಿದ್ರು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಸಾರು ತಡೆದುಕೊಳ್ಳುತ್ತಿದ್ದರೇನೋ. ನನ್ನ ಮರ್ಯಾದೆ ಉಳಿಯಲೆಂದು ಈ ಹುಡುಗಿ ತನಗೆ ಬೇಕಾದ ವಿಷಯವನ್ನೇ ಬಿಟ್ಟುಕೊಟ್ಟಳು. ಈಗ ಹೆತ್ತ ಅಪ್ಪನಿಗೂ ಸುಳ್ಳು ಹೇಳಿದಳು. ಥೂ, ನನ್ನ ಬಾಳಿಗಿಷ್ಟು, ಎಂದು ತಮ್ಮನ್ನು ತಾವೇ ಬೈದುಕೊಂಡು ಸಾರು ಬಂದ ದಾರಿಯಲ್ಲೇ ವಾಪಸು ನಡೆದರು. "ಬೇಡ ಸಾರ್" ಎಂದು ಅಂಬಿಕ ಹಿಂದೆಯೇ ಬಂದಳು.

ವೆಂಕಟೇಶಪ್ಪ ಬಾಗಿಲಲ್ಲೇ ಕೂತಿದ್ದ. ಸಾರು ಈ ಸಲ ಕುರ್ಚಿಗೆ ಹೋಗದೆ ಮೆಟ್ಟಿಲ ಮೇಲೆ ಅವನ ಪಕ್ಕ ಕೂತರು.

"ನಾನು ಸುಳ್ಳು ಹೇಳಿದೆ. ಆ ಲೇಖನ ಹೊಸದಲ್ಲ, ಹಳೇದು. ಆವತ್ತೂ ಇತ್ತು. ನನಗೆ ಹುಡುಕೋಕೆ ಬರಲಿಲ್ಲ. ಬರಲ್ಲ ಅನ್ನೋದೂ ತಿಳೀದೆ, ಧಿಮಾಕಿನಲ್ಲಿ ಇಲ್ಲ ಅಂದೆ. ನಿಮ್ಮ ಮಗಳ ಪ್ರಾಜೆಕ್ಟು ಹಾಳುಮಾಡಿದವನು ನಾನೇ."

ವೆಂಕಟೇಶಪ್ಪ ಅವರ ಕಡೆ ತಿರುಗಿದ. ಬೈಯಲಿ, ಕ್ಯಾಕರಿಸಿ ಉಗಿಯಲಿ ಎಂದು ಸಾರು ಕಾದರು.

"ಅಂಗಾರೆ ನಮ್ದು ಆವಾಗ್ಲೇ ಬರ್ದವ್ರಾ ಸಾರ್? ಆ ಎದೆ ಫೋಟೋದು?"

"ಬರೆದಿದ್ದಾರೆ. ಆ ಲೇಖನ ಆ ಫೋಟೋಗಳದ್ದೇ."

ಮುದುಕ ಗೋಡೆ ಹಿಡಿದು ಎದ್ದ. ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ, ಎದುರು ಮನೆಯ ಹಳೇ ಜೊತೆಗಾರನಿಗೆ ಕೂಗು ಹಾಕಿದ.

"ಲೇ ಮುನಿರಾಜಾ! ಬಾರ್ಲಾ ಈಚೆಗೆ! ನಮ್ದು ಬರ್ದವ್ರಂತೆ ಕಣ್ಲಾ! ಸಾರ್‌ಗೆ ಹುಡ್ಕಕ್ ಬರ್ನಿಲ್ವಂತೆ, ಅಷ್ಟೇಯ!"

ಒಂದೊಂದಾಗಿ ಬಾಗಿಲುಗಳು ತೆರೆದವು. "ಏನಂತೆ, ಏನಂತೆ?" ಎಂದವರಿಗೆಲ್ಲ ವೆಂಕಟೇಶಪ್ಪ ಕೆಮ್ಮಿಕೊಂಡು, ನಕ್ಕುಕೊಂಡು ಅದನ್ನೇ ಮತ್ತೆ ಮತ್ತೆ ಹೇಳಿದ: ನಮ್ದು ಐತಂತೆ, ಸಾರ್‌ಗೆ ಹುಡ್ಕಕ್ ಬರ್ನಿಲ್ವಂತೆ. ಲೈನಿನವರೆಲ್ಲ ಮೆಟ್ಟಿಲ ಸುತ್ತ ಬಂದು ಕೂತರು.

"ಓದಿ ಸಾರ್. ಕನ್ನಡ್‌ದಾಗೆ ಯೋಳಿ" ಅಂದ ಮುನಿರಾಜ.

ಅಂಬಿಕ ಕಾಗದ ತಂದು ಸಾರಿನ ಕೈಗೆ ಕೊಟ್ಟಳು. ಸಾರು ತಲೆಯೆತ್ತಲಿಲ್ಲ. ಮೊದಲ ಸಾಲಿನಿಂದ ಓದತೊಡಗಿದರು.