ನಾಲ್ಕು ಮಂಚ

"ಕಿಟಕಿ ತೆಗೆದ ಕೈ ಯಾವುದು? ಮುಂದೆ ಚಾಚು, ನೋಡೋಣ!"

ಅತ್ತಿಗೆಯ ಕೂಗಿಗೆ ಮೈದುನ ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡ. ಒಣಗಿಸುವ ಕೋಣೆಯ ಮೂಲೆಯಲ್ಲಿ ಅವಳು ಮಾಡಿಟ್ಟ ಹನ್ನೊಂದು ಹಸಿ ಹೂಜಿಗಳಿದ್ದವು. ಗಾಳಿ ತಾಗದೆ ಹದಿನೈದು ದಿನ ನಿಧಾನವಾಗಿ ಒಣಗಬೇಕಾದವು. ಏಳರ ಕುತ್ತಿಗೆ ಒಂದೇ ಬೆಳಗಿನಲ್ಲಿ ಬಿರುಕು ಬಿಟ್ಟಿತ್ತು. ಅವನ್ನು ಆಚೆ ಸರಿಸಿ ಮೈದುನ ನಾಲ್ಕು ಮಂಚ ಹಾಕಿದ್ದ. ಒಂದೊಂದರ ಮೇಲೂ ಇಸ್ತ್ರಿ ಮಾಡಿದ ಬಿಳಿ ಚಾದರ.

"ಮುಗ್ಗಲು ವಾಸನೆ ಬರ್ತಿತ್ತು ಅತ್ತಿಗೆ. ಸ್ವಲ್ಪ ಗಾಳಿ ಆಡ್ಲಿ ಅಂತ..."

"ನಿನ್ನ ತಲೇಲಿ ಆಡಿದ್ರೆ ಸಾಕಿತ್ತು!"

ಬೀದಿಯವರು ಅವನನ್ನು ಕರೆಯುತ್ತಿದ್ದುದೇ 'ಪ್ರಾಜೆಕ್ಟು' ಎಂದು. ಜೇನು ಸಾಕಿದ, ಅಣಬೆ ಬೆಳೆದ, ಎರಡೂ ಮುಗಿದವು. ಈಗ ಹೊರದೇಶದ ಕಲಾವಿದರು. ಅವರನ್ನು ಮೂರು ತಿಂಗಳು ಇಟ್ಟುಕೊಂಡು ಕೆಲಸ ತೋರಿಸುವವರಿಗೆ ಒಂದು ಸಂಸ್ಥೆ ಅನುದಾನ ಕೊಡುತ್ತಿತ್ತು. ಹೊಸದಾಗಿ ಕಟ್ಟಲು ಕೊಡುವುದಿಲ್ಲ, ಇರುವ ಜಾಗವನ್ನೇ ತೋರಿಸಬೇಕು. ಇವನು ಈ ಕೋಣೆಯ ಫೋಟೊ ಅಂಟಿಸಿ 'ಅತಿಥಿಗೃಹ' ಎಂದು ಬರೆದುಬಿಟ್ಟಿದ್ದ. ಮಂಜೂರೂ ಆಗಿತ್ತು. ಕೆಲಸ ತೋರಿಸಬೇಕಾದ ಅತ್ತಿಗೆಯ ಸಹಿಯೊಂದು ಬಾಕಿ.

"ನಾಲ್ಕು ದೇಶದವರು ನಿಮ್ಮ ಕೆಲಸ ನೋಡೋಕೆ ವಿಮಾನ ಹತ್ತಿ ಬರ್ತಾರೆ. ಬೇಡ ಅಂತೀರಲ್ಲ!"

"ಬಂದು ಏನು ನೋಡ್ತಾರೆ? ನಾನು ಅವರ ಹಾಸಿಗೆ ಮಡಚೋದನ್ನಾ? ಹೂಜಿ ಎಲ್ಲಿ ಒಣಗಿಸ್ಲಿ, ನಿನ್ನ ತಲೆ ಮೇಲಾ?"

"ಮೂರು ತಿಂಗಳು ಹೂಜಿ ಮಾಡ್ದೆ ಇದ್ರೆ ಆಯ್ತಪ್ಪ."

ಅಂಗಳದಲ್ಲಿ ಮಣ್ಣು ತುಳಿಯುತ್ತಿದ್ದ ಅವಳ ಗಂಡನ ಕಾಲು ನಿಂತಿತು. ತಮ್ಮನಿಗೆ ಎಂದೂ ಎದುರಾಡಿದವನಲ್ಲ. ಅರ್ಜಿ ಹೋದ ದಿನದಿಂದ ಅವನಿಗೆ ಊಟವೂ ಸರಿಯಾಗಿ ಸೇರುತ್ತಿರಲಿಲ್ಲ.

"ಅವಳು ಸಹಿ ಹಾಕಲ್ಲ ಕಣೋ," ಎಂದ. "ಹಾಕ್ತೀನಿ ಅಂದ್ರೂ ನಾನು ಬಿಡಲ್ಲ."

ಹೆಂಡತಿ ತಿರುಗಿ ಅವನನ್ನೇ ನೋಡಿದಳು. ಮೈದುನ ಫೈಲನ್ನು ಮಂಚದ ಮೇಲೆ ಎಸೆದ.

"ಹಾಗಾದ್ರೆ ಇಬ್ಬರೂ ಮಡಕೆ ಮಾಡ್ಕೊಂಡೇ ಸಾಯಿರಿ!"

"ನಾನು ಬೆಳಗಿಂದ ಕೇಳ್ಕೊಳ್ತಿರೋದೂ ಅದನ್ನೇ ಮಾರಾಯ!"

ಮೈದುನ ಗೇಟು ದಡಾರೆಂದು ಬಡಿದು ಹೋದ. ಇಬ್ಬರೂ ಕಿವಿಗೊಟ್ಟು ನಿಂತರು. ಗೇಟು ಮತ್ತೆ ಸದ್ದು ಮಾಡಲಿಲ್ಲ. ಅವಳಿಗೆ ನಗು ಬಂತು. ನಗುತ್ತಲೇ ಗೋಡೆಗೆ ಒರಗಿ ಕುಳಿತಳು.

ಗಂಡ ಮೊಣಕಾಲವರೆಗೂ ಕೆಸರು ಮೆತ್ತಿಕೊಂಡೇ ಒಳಗೆ ಬಂದ. "ಚಾದರ ನೆನೆಸ್ಲಾ, ಹೂಜಿಗೆ ಹೊದಿಸೋಕೆ?"

"ಚೆನ್ನಾಗಿ ಹಿಂಡು. ನೀರು ತೊಟ್ಟಿಕ್ಕಬಾರದು."

ಬಿರುಕು ಬಿಟ್ಟ ಏಳನ್ನು ಅವನು ಮತ್ತೆ ಮಣ್ಣಿಗೆ ಸೇರಿಸಿದ. ಅವಳು ಹಾಸಿಗೆಗಳನ್ನು ಸುತ್ತಿಟ್ಟು, ಉಳಿದ ನಾಲ್ಕು ಹೂಜಿಗಳನ್ನು ಮಂಚಕ್ಕೊಂದರಂತೆ ಹಲಗೆಯ ಮೇಲೆ ನಿಲ್ಲಿಸಿದಳು. ಒಂದು ಮಂಚ ಅಲುಗಾಡುತ್ತಿತ್ತು. ಫೈಲನ್ನು ಮಡಚಿ ಅದರ ಕಾಲಿನಡಿ ಕೊಟ್ಟಳು. ಒದ್ದೆ ಚಾದರಗಳನ್ನು ಕುತ್ತಿಗೆಯ ಮೇಲಿನವರೆಗೂ ಎಳೆದು ಹೊದಿಸಿ, ಕಿಟಕಿ ಮುಚ್ಚಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡಳು.

ಮೈದುನ ಫೈಲು ಕೇಳಲೂ ಬರಲಿಲ್ಲ. ಹದಿನೈದು ದಿನ ಕೋಣೆ ಹಾಗೆಯೇ ಕತ್ತಲಾಗಿತ್ತು. ನಾಲ್ಕು ಮಂಚಗಳ ಮೇಲೆ ನಾಲ್ಕು ಬಿಳಿ ಮುಸುಕುಗಳು, ನಿಧಾನವಾಗಿ ಒಣಗುತ್ತಿದ್ದವು.