ರವಿಕೆಯೊಳಗಿನ ಮಲ್ಲಿಗೆ

ಮಲ್ಲಿಗೆಯ ವಾಸನೆ ಎಲ್ಲಿಂದ, ಮುಂದಿನ ಸೀಟಿನ ಹೊಸ ಮದುವೆ ಹೆಣ್ಣಿನ ಜಡೆಯಿಂದಲೋ ತನ್ನ ರವಿಕೆಯಿಂದಲೋ, ವಿರೂಪಮ್ಮ ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು, ತನ್ನ ಹೂವನ್ನು ಬಳ್ಳಾರಿಯಲ್ಲಿ ಬಸ್ಸು ಬದಲಿಸುವಾಗ ಗೋಡೆಯ ಮರೆಗೆ ಹೋಗಿ ಕಿತ್ತೆಸೆದಾಯಿತಲ್ಲ, ಆದರೂ ಈ ಹಾಳು ವಾಸನೆ ಹೋಗದು, ಬೆಳಿಗ್ಗೆ ಹೋಗುವಾಗಲೂ ಪಕ್ಕದ ಮುದುಕಿ ಮೂಗರಳಿಸಿ, ಇವಳ ಬೋಳು ಹಣೆ ನೋಡಿ, ಇನ್ನೊಮ್ಮೆ ಮೂಗರಳಿಸಿದ್ದಳು, ನೋಡಲಿ ಬಿಡು, ಗಂಡ ಸತ್ತವಳು ಹೂ ಮುಡಿಯಬಾರದು ಎಂದವರು ತಲೆಯ ಮಾತು ಹೇಳಿದರೇ ಹೊರತು ಎದೆಯ ಮಾತು ಹೇಳಲಿಲ್ಲ — ಗಂಡ ಮೈಲಾರಲಿಂಗಪ್ಪ ಕಣ್ಣು ಮುಚ್ಚಿದಾಗ ಬಸುರಿ ಇವಳಿಗೆ ಏಳು ತಿಂಗಳು ತುಂಬಿತ್ತು, ಅವತ್ತು ಇವಳ ತಲೆಯ ಹೂ ತೆಗೆದವರೂ ದೊಡ್ಡಬಸಮ್ಮ ಅತ್ತೆಯೇ, ಹೋದ ವಾರ ಮಲ್ಲಿಗೆ ದಂಡೆ ತಂದು ಎದೆಗೆ ಬಿಗಿದು ಕಟ್ಟಿದವರೂ ಅವರೇ, ಇದನ್ನ ಕಟ್ಟಿದರ ಹಾಲು ಬತ್ತತಾವ ಯವ್ವಾ, ಕೂಸು ಸತ್ತ ಬಾಣಂತೇರಿಗೆ ಹಿಂಗೇ ಕಟ್ಟತಿದ್ರು, ಎಂದವರು ತಮ್ಮ ಮಾತಿಗೆ ತಾವೇ ಬೆಚ್ಚಿ ನಾಲಿಗೆ ಕಚ್ಚಿಕೊಂಡು ಕೂಸಿಗೆ ದೃಷ್ಟಿ ತೆಗೆಯಲು ಉಪ್ಪು ಹುಡುಕಿದರು.

ಇನ್ನೇನು ಮಾಡಬೇಕಿತ್ತು, ಕುರುಗೋಡಿನ ಹೆಣ್ಣುಮಕ್ಕಳ ಶಾಲೆಯ ಕೆಲಸವೊಂದೇ ಆಧಾರ, ಮೂರು ತಿಂಗಳ ಹೆರಿಗೆ ರಜೆ ಮುಗಿದ ದಿನವೇ ಹಾಜರಾಗದಿದ್ದರೆ ಆ ಜಾಗಕ್ಕೆ ಕಾದು ಕೂತವರಿದ್ದಾರೆ, ಹಾಸಿಗೆ ಹಿಡಿದ ಮಾವನನ್ನು ಸಿರುಗುಪ್ಪದಲ್ಲಿ ಬಿಟ್ಟು ಅತ್ತೆ ಜೊತೆಗೆ ಬರುವಂತಿಲ್ಲ, ಕೂಸನ್ನು ಒಬ್ಬಳೇ ಒಯ್ಯುವಂತಿಲ್ಲ, ಅದಕ್ಕೇ ಎಂಟು ದಿನ ಮೊದಲೇ ಹೂ ಕಟ್ಟಿದ್ದು, ಮಕ್ಕಳ ಮುಂದೆ ರವಿಕೆ ತೋಯಬಾರದು, ಕೂಸಿಗೂ ಆಡಿನ ಹಾಲು ರೂಢಿಯಾಗಬೇಕು — ಹಾಲು ಕುಡಿಸುವ ಒಳಲೆ ತುಟಿಗಿಟ್ಟರೆ ತಲೆ ಕೊಡವಿ, ಬಾಯಿ ತೆರೆದು, ಇವಳ ಕಡೆಗೇ ತಿರುಗುವುದು, ಇವಳು ಓಡಿಹೋಗಿ ಬಾಗಿಲ ಹಿಂದೆ ಕಿವಿ ಮುಚ್ಚಿ ನಿಲ್ಲುವುದು, ಐದನೆಯ ದಿನ ಕುಡಿಯಿತು, ಕುಡೀತು ನೋಡವ್ವಾ ಎಂದು ಅತ್ತೆ ಕರೆದರು, ಸಂತೋಷವಾಗಬೇಕಿತ್ತು, ಆದದ್ದು ಹೊಟ್ಟೆಕಿಚ್ಚು, ಒಂದು ಒಳಲೆಯ ಮೇಲೆ ಹೊಟ್ಟೆಕಿಚ್ಚು — ಇಷ್ಟೆಲ್ಲ ಮಾಡಿ ಇವತ್ತು ಕುರುಗೋಡಿನಲ್ಲಿ ಇಳಿದರೆ ಶಾಲೆಗೆ ಬೀಗ, ಹೆಡ್ ಮಾಸ್ತರ ಹಂಪಯ್ಯನವರು ಗಂಟುಮೂಟೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಾರೆ, ಯಾಕ ಬಂದ್ರಿ ಟೀಚರಮ್ಮ, ಊರಾಗ ಇಲಿ ಬಿದ್ದಾವ, ಪ್ಲೇಗು, ಎರಡು ತಿಂಗಳು ಸಾಲಿ ಬಂದ್, ಕಾಗದ ಹಾಕಿದ್ದೆ ಮುಟ್ಟಿಲ್ಲೇನು, ಒಳ್ಳೇದೇ ಆತು ಬಿಡ್ರಿ, ಇನ್ನೆರಡು ತಿಂಗಳು ಕೂಸಿನ ಹತ್ರ ಇರಾಕ ಸಿಕ್ತು, ಎಂದು ನಕ್ಕರು ಕೂಡ, ಹೌದ್ರಿ ಎಂದು ಇವಳೂ ನಕ್ಕಳು, ಹಲ್ಲಿದ್ದಾಗ ಕಡಲೆ ಇಲ್ಲ ಕಡಲೆ ಇದ್ದಾಗ ಹಲ್ಲಿಲ್ಲ, ಈ ಗಾದೆಯನ್ನು ಹುಡುಗಿಯರಿಂದ ಎಷ್ಟು ಸಲ ಕಾಪಿ ಬರೆಸಿದ್ದಾಳೆ, ಅಕ್ಷರ ದುಂಡಗಿದೆಯೋ ಇಲ್ಲವೋ ಎಂದಷ್ಟೇ ನೋಡಿದ್ದಳು.

ಇದ್ದಿಲ ಬಸ್ಸು ಸಂಗನಕಲ್ಲಿನ ಗುಡ್ಡ ಹಿಂದೆ ಬಿದ್ದಮೇಲೆ ಕೆಮ್ಮಿ ನಿಂತುಬಿಟ್ಟಿತು, ಕ್ಲೀನರ್ ಇಳಿದು ಹಿಂದಿನ ಒಲೆ ಕೆದಕುತ್ತಿದ್ದಾನೆ, ಬೇಗ ಕೆದಕೋ ಮಾರಾಯ, ಮಡಿಲಲ್ಲಿ ಸಬ್ಬಸಿಗೆ ಸೊಪ್ಪಿನ ಕಟ್ಟು, ಬೆಳ್ಳುಳ್ಳಿ, ತಿಂದರೆ ಹಾಲು ತಿರುಗಿ ಬರುತ್ತದಂತೆ, ಎಂಟೇ ದಿನ, ಪೂರ್ತಿ ಬತ್ತಿರಲಾರದು, ಎಲ್ಲೋ ಒಂದು ಗುಟುಕು ಇದ್ದೀತು, ಬಸ್ಸಿನಲ್ಲೇ ಹಸಿ ಬೆಳ್ಳುಳ್ಳಿ ಜಗಿದಳು, ಗಂಟಲು ಉರಿಯಿತು, ಇನ್ನೊಂದು ಎಸಳು ಜಗಿದಳು — ಸಿರುಗುಪ್ಪ, ಮನೆ, ಇಳಿಬಿಸಿಲು, ಯಾಕವ್ವಾ ತಿರುಗಿ ಬಂದಿ ಎಂಬ ಅತ್ತೆಯ ಮಾತಿಗೂ ನಿಲ್ಲದೆ ತೊಟ್ಟಿಲಿಂದ ಕೂಸನ್ನೆತ್ತಿ ಗೋಡೆಗೊರಗಿ ಕೂತು ರವಿಕೆ ಬಿಚ್ಚಿದಳು, ಕುಡಿ ನನ್ನವ್ವಾ, ಬಾಯಿ ಹಾಕಿತು, ಹಾಕಿತಲ್ಲ, ಮರೆತಿಲ್ಲ, ಚೀಪಿತು, ಪುಟ್ಟ ಗಲ್ಲ ಒಳಕ್ಕೆ ಹೋಯಿತು, ಇನ್ನೊಮ್ಮೆ, ಇವಳು ಉಸಿರು ಬಿಗಿಹಿಡಿದು ಕಾದಳು, ಬೆನ್ನಿನಿಂದಲೋ ಎಲುಬಿನಿಂದಲೋ ಎಲ್ಲಿಂದಾದರೂ ಬರಲಿ, ಬರಲಿಲ್ಲ, ಕೂಸು ಬಿಟ್ಟಿತು, ಈಗ ಅಳುತ್ತದೆ ಎಂದುಕೊಂಡಳು, ಅತ್ತಿದ್ದರೆ ಎಷ್ಟೋ ವಾಸಿಯಿತ್ತು, ಅಳಲಿಲ್ಲ, ಇವಳ ಮುಖವನ್ನು ಒಂದು ಗಳಿಗೆ ನೋಡಿತು, ಮೆಲ್ಲಗೆ ಕತ್ತು ಹೊರಳಿಸಿತು, ಅತ್ತೆ ಕೂತ ಕಡೆಗೆ ಬಾಯಿ ತೆರೆಯಿತು — ಆ ಬಾಯಿ, ತೆರೆದ ಬಾಯಿ, ಅತ್ತೆಯ ಕಡೆಗೆ