ಕುಂಬಳ ಹೂವಿನ ಕಳ್ಳ

ಧನುರ್ಮಾಸ ಹುಟ್ಟಿದ್ದೇ ತಡ, ತಮಿಳುನಾಡಿನ ಕಲ್ಲಿಡೈಕುರಿಚಿಯ ಹಪ್ಪಳದವರ ಬೀದಿಯಲ್ಲಿ ಕಾಂತಿಮತಿ ಪಾಟಿಯ ಕುಂಬಳ ಹೂವು ಕಳವಾಗತೊಡಗಿತು. ಇನ್ನೂ ಕತ್ತಲಿರುವಾಗಲೇ ಎದ್ದು, ಬಾಗಿಲ ಮುಂದೆ ಬೀದಿಯಗಲಕ್ಕೆ ರಂಗೋಲಿ ಬಿಟ್ಟು, ನಡುವೆ ಸಗಣಿಯುಂಡೆ ಇಟ್ಟು, ಅದಕ್ಕೊಂದು ಹೂ ಸಿಕ್ಕಿಸಿ ಮುದುಕಿ ಸ್ನಾನಕ್ಕೆ ಹೋಗುತ್ತಿದ್ದಳು. ಮಿಂದು ಬರುವಷ್ಟರಲ್ಲಿ ಉಂಡೆ ಇದೆ, ಹೂವಿಲ್ಲ. ಪಕ್ಕದ ಮನೆಗಳ ಹೂಗಳು ಮಾತ್ರ ಇಟ್ಟಲ್ಲೇ ನಗುತ್ತಿದ್ದವು.

ಹೋದರೆ ಹೋಯಿತು, ಒಂದು ಹೂವು ತಾನೇ ಅನ್ನುವ ಹಾಗಿಲ್ಲ. ಈ ಬೀದಿಯಲ್ಲಿ ರಂಗೋಲಿಯ ಮೇಲೆ ಕುಂಬಳ ಹೂ ಕಂಡರೆ ಆ ಮನೆಯಲ್ಲಿ ಮದುವೆಗೆ ಇರುವವರಿದ್ದಾರೆ ಎಂದರ್ಥ. ಭಜನೆಯವರು ಬೆಳಗ್ಗೆ ಹಾಡುತ್ತ ಬಂದವರು ನೋಡಿಕೊಂಡು ಹೋಗುತ್ತಾರೆ. ಧನುರ್ಮಾಸ ಕಳೆದು ತೈ ತಿಂಗಳು ಬಂದೊಡನೆ ಗಂಡಿನ ಕಡೆಯವರು ಬಾಗಿಲು ತಟ್ಟುತ್ತಾರೆ. ಪಾಟಿಯ ಮೊಮ್ಮಗಳು ಗೋದೈ, ಹುಡುಗಿಯರ ಶಾಲೆಯ ವಿಜ್ಞಾನದ ಟೀಚರು, ಮೂವತ್ತು ದಾಟಿದ್ದಳು. ಪಾಟಿಗೆ ರೇಗದೆ ಇರುತ್ತದೆಯೇ?

“ಕ್ಯಾಮೆರಾ ಹಾಕಿಸೋಣ ಪಾಟಿ” ಎಂದವಳು ಗೋದೈಯೇ. ಅವಳಿಗೆ ಅವಳದೇ ಕಾರಣವಿತ್ತು. ಎದುರುಮನೆಯ ನಂಬಿ, ಹಪ್ಪಳ ಮಾಡುವವನು, ಮಾತಿಗೆ ಬಡವ, ಒಂದು ಬೆಳಗ್ಗೆ ಹಾಲು ತರಲು ಬಂದಾಗ ಅವನ ಅಂಗಿಯ ಜೇಬಿನ ಮೇಲೆ ಹಳದಿ ಪರಾಗ ಮೆತ್ತಿದ್ದನ್ನು ಅವಳು ಕಂಡಿದ್ದಳು. ಅರಿಶಿನವೂ ಇರಬಹುದು. ಅಂದಿನಿಂದ ಅವಳ ಕಾಲು ನೆಲದ ಮೇಲಿಲ್ಲ. ಮಕ್ಕಳಿಗೆ ಪರಾಗಸ್ಪರ್ಶದ ಪಾಠ ಮಾಡುವಾಗ ಸುಮ್ಮಸುಮ್ಮನೆ ನಗು. ‘ಕಳ್ಳ ಅವನೇ ಆಗಿರಲಿ ದೇವರೇ’ ಎಂದು ದಿನಾ ಬೇಡುತ್ತಿದ್ದಳು.

ಜಗಲಿಯ ಕಂಬದಲ್ಲಿ ಪ್ಲಗ್ ಎಲ್ಲಿಂದ ಬರಬೇಕು? ಬ್ಯಾಟರಿಯದನ್ನೇ ತಂದಳು. ಒಂದು ಸಲ ಚಾರ್ಜ್ ಮಾಡಿದರೆ ತಿಂಗಳುಗಟ್ಟಲೆ ಬರುತ್ತದೆ ಎಂದು ಅಂಗಡಿಯವನು ಆಣೆ ಇಟ್ಟಿದ್ದ. ಅದು ಒಂದು ರಾತ್ರಿಯೂ ಬರಲಿಲ್ಲ. ಹೂವು ಹೋಗುವ ಹೊತ್ತಿಗೆ ಕ್ಯಾಮೆರಾ ಕಣ್ಣು ಮುಚ್ಚಿಯಾಗಿತ್ತು.

ಬೀದಿ ನಾಯಿ, ಹಸು ಅಲ್ಲಾಡಿದ್ದಕ್ಕೆಲ್ಲ ಕ್ಯಾಮೆರಾಕ್ಕೆ ಎಚ್ಚರಾಗುತ್ತಿದೆ ಅಂದುಕೊಂಡು ಗೋದೈ ರಂಗೋಲಿಯನ್ನೂ ಎದುರುಮನೆಯ ಬಾಗಿಲನ್ನೂ ಬಿಟ್ಟು ಉಳಿದದ್ದನ್ನೆಲ್ಲ ಅದು ಕಾಯುವ ಜಾಗದಿಂದ ಮೊಬೈಲಿನಲ್ಲೇ ತೆಗೆದಳು. ಸಿಗ್ನಲ್ ಹುಡುಕಿಯೇ ಬ್ಯಾಟರಿ ಸುಸ್ತಾಗುತ್ತಿದೆಯೇನೋ ಎಂದು ವೈಫೈ ಪೆಟ್ಟಿಗೆಯನ್ನು ಕಿಟಕಿಗೆ ತಂದಿಟ್ಟಳು. ಆದರೂ ಬೆಳಗಾಗುವಷ್ಟರಲ್ಲಿ ಗೊಟಕ್. ಕೊನೆಗೆ ಕ್ಯಾಮೆರಾ ಏನೇನು ತೆಗೆದಿದೆ ಎಂದು ಮೊಬೈಲಿನಲ್ಲಿ ನೋಡಿದರೆ, ಒಂದಾದ ಮೇಲೊಂದು, ನಿಂಬೆಹಣ್ಣು, ನಿಂಬೆಹಣ್ಣು, ಮೆಣಸಿನಕಾಯಿ, ಮತ್ತೆ ನಿಂಬೆಹಣ್ಣು.

“ಪಾಟಿ, ಕ್ಯಾಮೆರಾಕ್ಕೆ ದೃಷ್ಟಿದಾರ ಕಟ್ಟಿದ್ಯಾ?”

“ಕಟ್ಟದೆ? ಹೊಸ ಸಾಮಾನು. ಎದುರುಮನೆ ಗೋಮತಿ ಬಾಯಿ ಬಿಟ್ಕೊಂಡು ನೋಡಿದ್ಲು. ಕತ್ತಲಾದ ಮೇಲೆ ಕಟ್ತೀನಿ, ಬೆಳಗ್ಗೆ ಬಿಚ್ತೀನಿ.”

“ಅದು ಸುಮ್ನೆ ಮಲಗಿರತ್ತೆ ಪಾಟಿ, ಏನಾದ್ರೂ ಅಲ್ಲಾಡಿದ್ರೆ ಮಾತ್ರ ಏಳತ್ತೆ. ನಿನ್ನ ನಿಂಬೆಹಣ್ಣು ಗಾಳಿಗೆ ತೂಗಾಡಿ ಅದಕ್ಕೆ ಕಣ್ಣು ಮುಚ್ಚೋಕೇ ಬಿಡ್ಲಿಲ್ಲ.”

“ಹಂಗಾದ್ರೆ ಹಿಂದುಗಡೆ ಕಟ್ತೀನಿ. ದೃಷ್ಟಿ ಏನು, ಹಿಂದಿನಿಂದ ತಾಗಲ್ವಾ?”

ನಿಂಬೆಹಣ್ಣು ಹಿಂದಕ್ಕೆ ಹೋಯಿತು. ಆದರೂ ಮಾರನೆಯ ದಿನ ಬ್ಯಾಟರಿ ಸತ್ತಿತು. ಮತ್ತೆ ಚಾರ್ಜ್ ಮಾಡಿ ಹಾಕಿದ ದಿನ ಸಂಜೆ ಗೋದೈ ಶಾಲೆಯಿಂದ ಬಂದು ನೋಡುತ್ತಾಳೆ, ಬೀದಿಯ ಹೆಂಗಸರೆಲ್ಲ ಇವರ ಜಗಲಿಯ ಮೇಲೆ. ನಡುವೆ ಪಾಟಿ, ಪಾಟಿಯ ಕೈಯಲ್ಲಿ ಹಳೆಯ ಮೊಬೈಲು, ಮೊಬೈಲಿನಲ್ಲಿ ಕ್ಯಾಮೆರಾ ತೋರಿಸುತ್ತಿದ್ದ ಅದೇ ಬೀದಿ.

“ಅದೋ ನಮ್ಮನೆ!” ಎಂದಳು ಒಬ್ಬಳು.

“ತಲೆ ಎತ್ತಿದ್ರೆ ಕಾಣಲ್ವೇನೇ ನಿಮ್ಮನೆ?” ಎಂದಳು ನಂಬಿಯ ತಾಯಿ ಗೋಮತಿ.

“ಇದರಲ್ಲಿ ಲಕ್ಷಣವಾಗಿ ಕಾಣತ್ತಕ್ಕಾ.”

ಅಂಗೈ ಹುಣ್ಣಿಗೆ ಕನ್ನಡಿ ಹಿಡಿದು ಕೂತಿತ್ತು ಇಡೀ ಬೀದಿ. ಗೋದೈಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಹೀಗೆ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡ್ತಾ ಕೂತ್ರೆ ಬ್ಯಾಟರಿ ನೀರಿನ ಹಾಗೆ ಹೋಗತ್ತೆ. ಕಳ್ಳ ಸಿಗಬೇಕಾದ್ರೆ ಯಾರೂ ನೋಡಬಾರದು” ಎಂದು ಟೀಚರ ಗತ್ತಿನಲ್ಲಿ ಗದರಿ ಮೊಬೈಲು ಕಿತ್ತುಕೊಂಡಳು.

“ಸಿಗಲಿ ಆ ಕಳ್ಳ, ಲಟ್ಟಣಿಗೆ ತಗೊಂಡು ನಾನೇ ಬಾರಿಸ್ತೀನಿ” ಎಂದು ಗೋಮತಿ ಎದ್ದಳು.

ಮರುದಿನ ಬೆಳಗ್ಗೆ ಬ್ಯಾಟರಿ ಜೀವಂತ! ಹೂವು ಮಾಯ! ಸುದ್ದಿ ಹಬ್ಬಿ ಹೆಂಗಸರೆಲ್ಲ ಮತ್ತೆ ಜಗಲಿಗೆ. ಗೋಮತಿ ಹೇಳಿದಂತೆ ಲಟ್ಟಣಿಗೆಯನ್ನೇ ಹಿಡಿದು ಬಂದಳು. ಗೋದೈ ಮೊಬೈಲು ತೆರೆದಳು. ಬೇರೆ ಯಾರಾದರೂ ಕಂಡರೆ ತನ್ನ ಇಷ್ಟು ದಿನದ ಹುಚ್ಚು ಅಲ್ಲಿಗೇ ಮುಗಿಯಿತು. ದೇವರನ್ನು ನೆನೆದು ವಿಡಿಯೊ ಒತ್ತಿದಳು.

ಎದುರುಮನೆಯ ಬಾಗಿಲು ತೆರೆಯಿತು. ಪಂಚೆ ಎತ್ತಿ ಕಟ್ಟಿದ ಒಬ್ಬ, ರಂಗೋಲಿಯ ಒಂದು ಎಳೆಯೂ ಅಳಿಸದಂತೆ ತುದಿಗಾಲಲ್ಲಿ ಬಂದು, ಹೂವು ಬಿಡಿಸಿಕೊಂಡು ಜೇಬಿಗಿಟ್ಟ. ನಂಬಿ!

ಲಟ್ಟಣಿಗೆ ಗೋಮತಿಯ ಕೈಯಿಂದ ಜಾರಿ ಬಿತ್ತು. ಗದ್ದಲ ಕೇಳಿ ಅವನೇ ಹೊರಗೆ ಬಂದ, ಕೈತುಂಬ ಹಿಟ್ಟು.

“ಯಾಕೋ ಕದ್ದೆ?” ಎಂದಳು ತಾಯಿ.

“ಹೂವು ನೋಡಿ ಯಾರಾದ್ರೂ ಹೆಣ್ಣು ಕೇಳ್ಕೊಂಡು ಬರ್ತಾರಲ್ಲಮ್ಮ.”

“ಬರಲಿ ಅಂತಲೇ ಅಲ್ವೇನೋ ಇಡೋದು?”

“ಬರಬಾರದು ಅಂತಲೇ ತೆಗೀತಿದ್ದೆ.”

“ನಿನಗೆ ಬಾಯಿ ಇರಲಿಲ್ವಾ?” ಎಂದಳು ಪಾಟಿ.

“ಟೀಚರಲ್ವಾ ಪಾಟಿ, ಭಯ.”

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋದೈ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಅಡಿಗೆಮನೆಯಲ್ಲಿ ಯಾರೂ ಇಲ್ಲದ್ದು ನೋಡಿ ಒಂದು ಸುತ್ತು ಕುಣಿದೂ ಬಿಟ್ಟಳು.

ಪಾಟಿ ತೀರ್ಪು ಕೊಟ್ಟಳು. ಧನುರ್ಮಾಸದಲ್ಲಿ ಮದುವೆಯ ಮಾತು ಎತ್ತುವಂತಿಲ್ಲ. ತೈ ಹುಟ್ಟುವ ತನಕ ಇಬ್ಬರೂ ಮಾತಾಡುವಂತಿಲ್ಲ, ಅವನು ಈ ಕಡೆ ದಾಟುವಂತಿಲ್ಲ, ಅವಳು ಜಗಲಿಗೆ ಬರುವಂತಿಲ್ಲ. ನಾಳೆಯಿಂದ ಹೂವೂ ಬೇಡ, ಗಂಡು ಸಿಕ್ಕ ಮೇಲೆ ಯಾರಿಗೆ ತೋರಿಸುವುದಕ್ಕೆ?

ಮಾರನೆಯ ಬೆಳಗ್ಗೆ ರಂಗೋಲಿ ಮುಗಿಸಿ ತಲೆಯೆತ್ತಿದರೆ ಕ್ಯಾಮೆರಾದ ದೀಪ ಆರಿತ್ತು. ಪಾಟಿ ದೃಷ್ಟಿದಾರ ನೋಡಿದಳು, ಹಿಂದೆಯೇ ಇತ್ತು. ಹಳೆಯ ಮೊಬೈಲು ಗೋದೈಯ ದಿಂಬಿನಡಿ ಸಿಕ್ಕಿತು, ಇನ್ನೂ ಬೆಚ್ಚಗಿತ್ತು.

“ರಾತ್ರಿಯೆಲ್ಲ ಅವನ ಮನೆ ಬಾಗಿಲು ನೋಡ್ತಿದ್ಯೇನೇ?”

“ಅವನೂ ಅಲ್ಲೇ ನಿಂತಿದ್ದ ಪಾಟಿ. ಕ್ಯಾಮೆರಾ ಕಡೆ ನೋಡಿ ನಗ್ತಿದ್ದ.”

“ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ! ಬ್ಯಾಟರಿ ಸತ್ತೇ ಹೋಗಿದೆಯಲ್ಲೇ.”

ಗೋದೈ ಆಗಲೇ, ಜಗಲಿಗೆ ಬರಬಾರದೆಂಬುದನ್ನೂ ಮರೆತು, ಕುರ್ಚಿ ಹತ್ತಿ ಕ್ಯಾಮೆರಾ ಬಿಚ್ಚುತ್ತಿದ್ದಳು. “ಚಾರ್ಜಿಗೆ ಹಾಕ್ತೀನಿ ಪಾಟಿ” ಎಂದಳು, “ಸಂಜೆಗೆ ಬೇಕು.”